ಜಗಳವಿಲ್ಲದ ಇಪ್ಪತ್ತೊಂದು

ಹೋದ ಭಾನುವಾರ ಮಧ್ಯಾಹ್ನ ಸ್ಟೌಫ್‌ವಿಲ್‌ನಲ್ಲಿ, ಗೆಳೆಯ ಸಂಗಣ್ಣನ ಮನೆಯ ಬೇಸ್‌ಮೆಂಟಲ್ಲಿ ನಮ್ಮ ಯಜಮಾನರು ಬ್ಲ್ಯಾಕ್‌ಜಾಕ್ ಆಡಿ ಒಂದರ ಮೇಲೊಂದು ಆಟ ಗೆದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಮೇಲೆ ಬಂದು, ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಈ ಆಟದ ಹುಚ್ಚು ನಮಗೆ ಹಿಡಿದದ್ದು ಟೀವಿಯಿಂದ. ಸಿನಿಮಾದವರು, ಕಾಮಿಡಿಯವರು, ರಿಟೈರಾದ ಹಾಕಿ ಆಟಗಾರರು ಒಂದೇ ಮೇಜಿಗೆ ಕೂತು ಚಾರಿಟಿಗಾಗಿ ಬ್ಲ್ಯಾಕ್‌ಜಾಕ್ ಆಡುವ ಹಳೇ ಶೋ. 2015ರ ಚಳಿಗಾಲದಲ್ಲಿ ಯಾವುದೋ ಚಾನೆಲ್ಲಿನಲ್ಲಿ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು.

ಆಟ ಸುಲಭ. ಕೈಗೆ ಬಂದ ಇಸ್ಪೀಟೆಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಿದರೆ ಔಟ್. ರಾಜ, ರಾಣಿ, ಗುಲಾಮ ಎಲ್ಲರಿಗೂ ಬೆಲೆ ಹತ್ತೇ.

ಆ ಶೋದವರು ಇದಕ್ಕೊಂದು ಹೊಸ ರೂಲ್ ಸೇರಿಸಿದ್ದರು. ಒಂದಾಟದಲ್ಲಿ ಒಂದೇ ಒಂದು ಸಲ, ಬಂದ ಎಲೆ ಬೇಡವೆಂದು ವಾಪಸ್ ಕೊಟ್ಟು ಬೇರೆ ಎಲೆ ತಗೊಳ್ಳಬಹುದು.

ನಮ್ಮವರು ನಾರ್ತ್ ಯಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ಸೋಫಾದಲ್ಲಿ ಕೂತು ಆ ಸೆಲೆಬ್ರಿಟಿಗಳನ್ನು ಬೈಯುತ್ತಿದ್ದರು. “ಹದಿನೆಂಟು ಬಂದದಲೋ, ಮತ್ತ್ಯಾಕ ಎಲಿ ಬೇಡ್ತೀ? ಮಾರಿ ಚಂದ ಇದ್ರ ಲೆಕ್ಕಾ ಬರತದೇನು?”

ಸ್ಕ್ರೀನ್ ಮೇಲೆ ಮೊತ್ತ ಮೂಡುವ ಮೊದಲೇ ಇವರ ಬಾಯಲ್ಲಿ ಇರುತ್ತಿತ್ತು. ಧಾರವಾಡದವರ ಬಾಯಿ, ಕೇಳಬೇಕೇ...

ಆಟ ಟೀವಿಯಿಂದ ನಮ್ಮ ಗೆಳೆಯರ ಮನೆಗಳಿಗೆ ಬಂತು. ಭಾನುವಾರ ಬಂದರೆ ಯಾರದ್ದಾದರೂ ಬೇಸ್‌ಮೆಂಟು, ಒಂದು ಬುಟ್ಟಿ ಹುರಿದ ಶೇಂಗಾ. ಬೆಟ್ಟಿಂಗೂ ಶೇಂಗಾದಲ್ಲೇ, ತಿನ್ನುವುದೂ ಅದನ್ನೇ.

ಆಮೇಲೆ ಜಗಳ! ಎಲೆ ಹಂಚುವ ಡೀಲರ್ ತನ್ನ ಎಲೆ ತೋರಿಸಿದ ಮೇಲೆ ಬದಲಿ ಕೇಳಬಹುದೋ ಬಾರದೋ ಎಂಬ ಒಂದೇ ಮಾತಿಗೆ ಬೆಳಗಾವಿಯ ಸಂಗಣ್ಣನೂ ಇವರೂ ಎಷ್ಟು ವರ್ಷ ಕಿತ್ತಾಡಿದರೋ. ಒಮ್ಮೆ ಇವರು ಹೋಳಿಗೆ ಊಟ ಬಿಟ್ಟು, ಬೂಟು ಹಾಕಿಕೊಂಡು ಸ್ನೋದಲ್ಲಿ ಹೋಗಿ ಕಾರಲ್ಲಿ ಕೂತುಬಿಟ್ಟಿದ್ದರು. ಸಂಗಣ್ಣನೇ ತಟ್ಟೆ ಹಿಡಿದು ಕಾರಿನ ಹತ್ತಿರ ಹೋದ.

“ಜಗಳ ಇಲ್ಲದ ಇಸ್ಪೀಟು, ಉಪ್ಪಿಲ್ಲದ ಸಾರು” ಅನ್ನುತ್ತಿದ್ದರು ನಮ್ಮವರು.

ಹೋದ ವರ್ಷ ಒಂದು ಸಂಜೆ ಅದೇ ಹಳೇ ಶೋ ನೋಡುತ್ತಿದ್ದೆವು. ಒಬ್ಬ ನಟನಿಗೆ ಒಂಬತ್ತು ಬಂತು, ಆಮೇಲೆ ಏಳು. ಇವರು ಬೈಯಲಿಲ್ಲ. ನನ್ನ ಕಡೆ ತಿರುಗಿ, “ಎಷ್ಟಾತು?” ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಇವರು ನಗಲಿಲ್ಲ.

ಆಮೇಲೆ ಇವರಿಗೆ ಓಕ್‌ವಿಲ್‌ನಲ್ಲಿದ್ದ ಕೆಲಸಕ್ಕೆ ಹೋಗುವ ದಾರಿಯೇ ತಪ್ಪತೊಡಗಿತು. ಡಾಕ್ಟರು, ಸ್ಕ್ಯಾನು, ಮತ್ತೊಬ್ಬ ಡಾಕ್ಟರು... ಮರೆವಿನ ಕಾಯಿಲೆ, ವಯಸ್ಸಿಗೆ ಮುಂಚೆಯೇ ಬಂದಿದೆ ಅಂದರು. ನಮ್ಮವರಿಗೆ ಇನ್ನೂ ಅರವತ್ತಾಗಿಲ್ಲ.

ಆರು ತಿಂಗಳು ಎಲ್ಲಿಗೂ ಹೋಗಲಿಲ್ಲ. ಹೋದ ವಾರ ಸಂಗಣ್ಣ ಫೋನ್ ಮಾಡಿದ. “ವೈನಿ, ಅಣ್ಣಾರನ್ನ ಕರ್ಕೊಂಡು ಬರ್ರಿ. ಚಿಂತಿ ಮಾಡಬ್ಯಾಡ್ರಿ, ನಾವೆಲ್ಲಾ ಮಾತಾಡ್ಕೊಂಡೀವಿ, ಅವ್ರಿಗೆ ಒಂದ್‌ಚೂರೂ ಬ್ಯಾಸರ ಆಗದಂಗ ನೋಡ್ಕೋತೀವಿ.”

ನೋಡಿಕೊಂಡರು, ಪಾಪ.

ಮೊದಲ ಆಟದಲ್ಲೇ ಇವರ ಕೈಯಲ್ಲಿ ಆಟೀನ್ ರಾಣಿ, ಎಂಟು, ಐದು. ಕೂಡಿದರೆ ಇಪ್ಪತ್ಮೂರು, ಔಟ್. ಇವರು ಎಲೆಗಳನ್ನು ಮೇಜಿನ ಮೇಲೆ ಹರಡಿ, “ಇಪ್ಪತ್ತೊಂದು!” ಅಂದರು.

“ಭೇಷ್ ಅಣ್ಣಾರ! ನೀವ ಗೆದ್ರಿ!” ಅಂದ ಸಂಗಣ್ಣ. ಶೇಂಗಾ ಎಲ್ಲ ಇವರ ಕಡೆ ಬಂತು.

ಮುಂದಿನದ್ದೂ ಹಾಗೇ, ಅದರ ಮುಂದಿನದ್ದೂ ಹಾಗೇ. ಇವರ ಮುಖ ಅರಳಿತ್ತು, ಸುಳ್ಳು ಹೇಳಲಾರೆ. ನನಗೂ ಹೊಟ್ಟೆ ತಣ್ಣಗಾಗಿತ್ತು.

ಆಮೇಲೆ ಒಂದಾಟದಲ್ಲಿ ಎಲೆ ಬದಲಿ ಕೇಳಿದರು. ಕೊಟ್ಟರು. ಅದೇ ಆಟದಲ್ಲಿ ಇನ್ನೊಮ್ಮೆ ಕೇಳಿದರು. ಕೊಟ್ಟರು.

ಮೂರನೇ ಸಲವೂ ಕೈ ಚಾಚಿದರು. ಮರೆತು ಕೇಳಿದರೋ, ಬೇಕಂತಲೇ ಕೇಳಿದರೋ ನನಗೆ ಈಗಲೂ ಗೊತ್ತಿಲ್ಲ.

ಸಂಗಣ್ಣ ಮಗುವಿಗೆ ಬಿಸ್ಕತ್ತು ಕೊಡುವ ಹಾಗೆ ನಗುತ್ತಾ ಇನ್ನೊಂದು ಎಲೆ ಕೊಟ್ಟ. “ತಗೋರಿ ಅಣ್ಣಾರ, ನಿಮಗಿಲ್ಲದ್ದು ಏನೈತಿ?”

ಇವರು ಆ ಎಲೆ ಎತ್ತಲಿಲ್ಲ. ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದರು.

“ಯಾಕ... ಇವತ್ತ ಯಾರೂ ನನ್ನ ಜೋಡಿ ಜಗಳಾ ಮಾಡವಲ್ರಿ?”

ಸಂಗಣ್ಣ ಶೇಂಗಾ ಸಿಪ್ಪೆ ಒಟ್ಟು ಮಾಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಯಾರೋ ಚಪ್ಪಾಳೆ ತಟ್ಟಿ “ಈ ಆಟಾನೂ ಅಣ್ಣಾರದ್ದ” ಅಂದರು, ಉಳಿದವರೂ ತಟ್ಟಿದರು. ಆಗಲೇ ನಾನು ಮೇಲೆ ಹೋದದ್ದು.

ಲೆಕ್ಕ ಮರೆತಿದ್ದಾರೆ, ನಿಜ. ಆದರೆ ತಮ್ಮನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಅನ್ನೋದು ಅವರಿಗೆ ತಿಳಿಯಿತು. ಆ ಮಕ್ಕಳಂಥ ಗೆಳೆಯರ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ, ಪ್ರೀತಿಯಿಂದಲೇ ಮಾಡಿದ್ದು.

ವಾಪಸ್ ಬರುವಾಗ ಕಾರಲ್ಲಿ ಒಂದೇ ಮಾತು ಆಡಿದರು. “ಸಂಗ್ಯಾ ಮದ್ಲ ಹಿಂಗಿರಲಿಲ್ಲ.”

ನಿನ್ನೆ ಊಟವಾದ ಮೇಲೆ ನಾನೇ ಎಲೆ ಹಾಕಿದೆ, ನಾವಿಬ್ಬರೇ. ಇವರ ಕಣ್ಣೆದುರೇ ಎರಡು ಸಲ ಎಲೆ ಬದಲಿಸಿದೆ. ಹದಿನೈದನ್ನು ಇಪ್ಪತ್ತೊಂದು ಅಂದೆ. ಬೈಯಲಿ, ಎದ್ದು ಹೋಗಲಿ, ಬೂಟು ಹಾಕಿಕೊಂಡು ಕಾರಲ್ಲಾದರೂ ಕೂರಲಿ ಅಂತ ಕಾಯುತ್ತಾ ಕೂತೆ...

ಇವರು ನನ್ನ ಮುಖವನ್ನೇ ನೋಡಿದರು. ನೋಡಿ, ಸಂಗಣ್ಣ ನಕ್ಕ ಹಾಗೇ ನಕ್ಕರು. ತಮ್ಮ ಮುಂದಿದ್ದ ಶೇಂಗಾ ಎಲ್ಲ ನನ್ನ ಕಡೆ ಸರಿಸಿದರು.

“ತಗೋ. ನೀನ ಗೆದ್ದಿ.”

ನಿಮ್ಮ ಮನೆಯಲ್ಲಿ ಇವತ್ತು ಯಾರಾದರೂ ನಿಮ್ಮ ಜೊತೆ ಜಗಳ ಆಡಿದರಾ?