ಬಿಳಿ ಕೋಟು ತೊಟ್ಟ ಬಾಯಿಬಡುಕ

ಐರ್ಲೆಂಡಿನ ಗಾಲ್ವೇಯಲ್ಲಿ ಎತ್ತ ನೋಡಿದರೂ ಹೊಸ ಮನೆ ಕಟ್ಟುವ ಕ್ರೇನುಗಳು ನಿಂತಿದ್ದ ವರ್ಷಗಳವು. ನಮ್ಮ ಆಸ್ಪತ್ರೆಯ ಕನ್ನಡಿಗ ಡಾಕ್ಟರುಗಳು ಸೇರಿ ಒಂದು ಕ್ರಿಕೆಟ್ ತಂಡ ಕಟ್ಟಿದ್ದರು. ನನ್ನ ಗಂಡ ಅದರ ಬೌಲರ್. ನಾನೂ ಅಲ್ಲೇ ಅರಿವಳಿಕೆ ಕೊಡುವ ಡಾಕ್ಟರ್. ರಜೆ ಸಿಕ್ಕ ಭಾನುವಾರ ಉಳಿದ ಆಟಗಾರರ ಹೆಂಡತಿಯರ ಜೊತೆ ಬೌಂಡರಿ ಪಕ್ಕ ಕಂಬಳಿ ಹಾಸಿ ಕೂತು ಎದುರಾಳಿಗಳನ್ನು ಬೈಯುತ್ತಿದ್ದೆ. ಬೈಗುಳದ ದೊಡ್ಡ ಪಾಲು ಅತ್ಲೋನ್ ಊರಿನ ತಂಡದ ವಿಕೆಟ್ ಕೀಪರಿಗೆ ಮೀಸಲು.

ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್. ಕುಳ್ಳ ದೇಹ, ಕೋಣದ ಗಂಟಲು. ಚೆಂಡು ಪ್ಯಾಡಿಗೆ ತಾಗಲಿ, ಬರೀ ಗಾಳಿಯಲ್ಲಿ ಹೋಗಲಿ, ಔಟೆಂದು ಅರಚುತ್ತಿದ್ದ. ಅಂಪೈರಿಗೆ ಇಂಗ್ಲಿಷಿನಲ್ಲಿ ನಯ, ನಮ್ಮವರಿಗೆ ಕನ್ನಡದಲ್ಲಿ ಕುಟುಕು.

"ಡಾಕ್ಟ್ರೇ, ಪೇಷೆಂಟ್ಸ್ ಕಾಯ್ತಾ ಅವ್ರೆ. ಬೇಗ ಔಟಾಗಿ ಹೋಗ್ಬಾರ್ದಾ?"

ನಮ್ಮ ಊರಿನ ಕಡೆಯವನೆಂಬುದೇ ನನಗೆ ಇನ್ನಷ್ಟು ಅಸಹ್ಯ.

ಲೀಗಿನ ಸಣ್ಣ ಪಂದ್ಯಗಳಿಗೆ ಹೊರಗಿನ ಅಂಪೈರುಗಳು ಬರುತ್ತಿರಲಿಲ್ಲ. ಬ್ಯಾಟಿಂಗ್ ಮಾಡುವ ತಂಡದವರೇ ಸರದಿಯಂತೆ ಅಂಪೈರಿನ ಬಿಳಿ ಕೋಟು ತೊಟ್ಟು ನಿಲ್ಲಬೇಕು. ಆ ಬೇಸಿಗೆಯ ಕೊನೆಯ ಪಂದ್ಯದಲ್ಲಿ ನಾವು ಮೊದಲು ಬ್ಯಾಟ್ ಮಾಡಿದೆವು. ಕೋಟು ತೊಟ್ಟವರು ನಮ್ಮ ಹಿರಿಯ ಸರ್ಜನ್. ನನ್ನ ಗಂಡನ ಬ್ಯಾಟಿನ ಅಂಚು ಸವರಿದ ಚೆಂಡು ಕೀಪರಿನ ಕೈ ಸೇರಿತು. ಆ ಸದ್ದು ನಮ್ಮ ಕಂಬಳಿಗೂ ಕೇಳಿಸಿತು. ಸರ್ಜನ್ ಮೋಡ ನೋಡುತ್ತಾ ಔಟಲ್ಲವೆಂದು ತಲೆಯಾಡಿಸಿದರು. ಕೀಪರ್ ಕಿರುಚಾಡಿದ.

"ಮೋಸಗಾರ!" ಎಂದು ನಾವು ಕೂಗಿದ್ದು ಅವನನ್ನು.

ಸಂಜೆ ಅತ್ಲೋನಿಗೆ ಗೆಲ್ಲಲು ಒಂದೇ ಬೌಂಡರಿ ಸಾಕಿತ್ತು. ಉಳಿದದ್ದು ಕೊನೆಯ ಜೋಡಿ. ಕೀಪರ್ ಆಗಲೇ ಔಟಾಗಿ, ಈಗ ಕೋಟು ತೊಟ್ಟು ನಿಂತಿದ್ದ.

"ಮುಗೀತು ಬಿಡಿ. ಇವ್ನೆಲ್ಲಿ ಔಟ್ ಅಂತ ಬೆರಳೆತ್ತಾನೆ," ಎಂದರು ಸರ್ಜನ್ ಹೆಂಡತಿ.

ಬ್ಯಾಟ್ ಹಿಡಿದು ನಿಂತವನು ಅತ್ಲೋನ್ ಕ್ಯಾಪ್ಟನ್. ಆಫೀಸಿನಲ್ಲಿ ಕೀಪರಿನ ಮ್ಯಾನೇಜರ್. ಇವನ ವರ್ಕ್ ಪರ್ಮಿಟ್ ಮುಂದುವರಿಯಬೇಕಾದರೆ ಅವನ ಒಪ್ಪಿಗೆ ಬೇಕು. ನನ್ನ ಗಂಡನ ಚೆಂಡು ಒಳಕ್ಕೆ ತಿರುಗಿ ಅವನ ಪ್ಯಾಡಿಗೆ ಬಡಿಯಿತು. ಗಂಡ ಆಸೆಯಿಲ್ಲದೆ ಕೂಗಿದ.

ಕೀಪರಿನ ಬೆರಳು ಮೇಲೆದ್ದಿತು.

ಕ್ಯಾಪ್ಟನ್ ಕದಲಲಿಲ್ಲ, ದುರುಗುಟ್ಟಿ ನೋಡಿದ. ಬೆರಳೂ ಇಳಿಯಲಿಲ್ಲ. ಕೊನೆಗೆ ಅವನು ಬ್ಯಾಟಿನಿಂದ ಹುಲ್ಲಿಗೆ ಬಡಿಯುತ್ತಾ ಹೊರನಡೆದ.

ನಮ್ಮವರು ಕುಣಿದರು. ಸರ್ಜನ್ ಎಲ್ಲರಿಗಿಂತ ಜೋರಾಗಿ, "ನೋಡಿದ್ರಾ, ಇದು ಜಂಟಲ್‌ಮನ್ ಆಟ!" ಎಂದರು. ಆ ಮನುಷ್ಯನ ಮುಖಕ್ಕೆ ನೀರೆರಚಬೇಕೆನಿಸಿತು.

ಅತ್ಲೋನಿನವರು ಯಾರೂ ಕೀಪರಿನ ಜೊತೆ ಮಾತಾಡಲಿಲ್ಲ. ಅವನು ಒಬ್ಬನೇ ಕಿಟ್ ಬ್ಯಾಗಿಗೆ ಪ್ಯಾಡು ತುರುಕುತ್ತಿದ್ದಾಗ ಹತ್ತಿರ ಹೋದೆ.

"ಅಲ್ರೀ, ಬೆಳಿಗ್ಗೆಯಿಂದ ಸುಳ್ಳುಸುಳ್ಳೇ ಔಟ್ ಅಂತ ಕಿರುಚ್ತಿದ್ರಿ. ಈಗೇನಾಯ್ತು?"

"ಕೂಗೋದು ಕೀಪರ್ ಕೆಲ್ಸ ಮೇಡಂ. ಕೊಡೋದು ಬಿಡೋದು ಅಂಪೈರ್‌ದು. ಕೋಟು ಹಾಕ್ಕೊಂಡ್ಮೇಲೆ ಔಟ್ ಅಂದ್ರೆ ಔಟು," ಎಂದು ಜಿಪ್ ಎಳೆದ. "ನಿಮ್ಮೆಜಮಾನ್ರ ಬೌಲಿಂಗ್ ಗ್ರ್ಯಾಂಡ್ ಐತೆ. ಬ್ಯಾಟಿಂಗ್ ಮಾತ್ರ ಬಿಟ್ಬಿಡೋಕೆ ಹೇಳಿ."

ದುರಹಂಕಾರಿ. ಅವನು ನನಗೆ ಎಂದೂ ಇಷ್ಟವಾಗಲಿಲ್ಲ.

ಮುಂದಿನ ಬೇಸಿಗೆಯಲ್ಲೂ ಬಂದ, ಹಾಗೆಯೇ ಅರಚಿದ. ನಾವೂ ಬೈದೆವು. ಆದರೆ ಅವನು ಅಂಪೈರಾಗಿ ನಿಂತಾಗ ಕಂಬಳಿಯ ಮೇಲೆ ಯಾರೂ ಪಿಟ್ಟೆನ್ನುತ್ತಿರಲಿಲ್ಲ; ಅವನು ಔಟಲ್ಲವೆಂದರೆ ಅದು ಔಟಲ್ಲ. ಸರ್ಜನ್ ನಿಂತಾಗ ಮಾತ್ರ ಹೆಂಗಸರು ಮೈದಾನದ ಕಡೆ ನೋಡುವುದು ಬಿಟ್ಟು ಗಾಲ್ವೇಯ ಮನೆ ಬೆಲೆಗಳ ಮಾತೆತ್ತುತ್ತಿದ್ದರು.