ಮೂರನೇ ಪೆಟ್ಟಿಗೆಯ ಬಿಸಿ

ನನ್ನ ಗಂಡ ಕ್ರಿಸಾಂತೊ ಇಪ್ಪತ್ತಾರು ವರ್ಷ ಬೇಕರಿಯ ಒಲೆಯ ಮುಂದೆ ನಿಂತವನು. ಬನ್ನಿನ ತಟ್ಟೆಗಳನ್ನು ಹೊರಗೆಳೆದ ಮೇಲೆ ಕೈ ತೊಳೆಯುತ್ತಿರಲಿಲ್ಲ. ಹಿಟ್ಟು ಮೆತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದ. ಬಿಸಿಯಾದ ಮೈಗೆ ತಣ್ಣೀರು ತಗಲಿದರೆ ನರ ಹಿಡಿದು ನಡುಕ ಬರುತ್ತದೆ. ಅದಕ್ಕೆ ನಾವು ಪಸ್ಮಾ ಅನ್ನುತ್ತೇವೆ. ನಾವೋತಾಸ್ ಊರಿನ ನಮ್ಮ ಓಣಿಯಲ್ಲಿ ಅದನ್ನು ನಂಬದವರಿಲ್ಲ. ಇಸ್ತ್ರಿ ಮಾಡಿದ ದಿನ ನಾನೂ ಪಾತ್ರೆ ತೊಳೆಯುತ್ತಿರಲಿಲ್ಲ.

ಬೇಕರಿ ಬಿಟ್ಟ ಮೇಲೆ ಮನೆಯ ಮುಂದೆ ನಾಲ್ಕು ಕಂಪ್ಯೂಟರ್ ಇಟ್ಟ. ಒಂದು ಪೆಸೊ ಹಾಕಿದರೆ ಐದು ನಿಮಿಷ ಆಟ. ಮೂರನೆಯದನ್ನು ಜೋಡಿಸಿದ್ದು ನಮ್ಮ ಒಬ್ಬಳೇ ಮಗಳು ರೊವೆನಾ. ನಮ್ಮ ಬಾಯಲ್ಲಿ ವೆಂಗ್. ಕಂಪ್ಯೂಟರಿನ ಮಿದುಳಿನಂಥ ಚಿಪ್ ಮೇಲೆ ಅಂಗೈಯಗಲದ ಫ್ಯಾನು ಕೂರಿಸುವಾಗ ಅವಳಪ್ಪ ಕೇಳಿದ, "ಇಷ್ಟು ಚಿಕ್ಕದು ಸಾಕೇನೇ?"

"ಚಿಪ್ಪಿನ ಜೊತೆ ಡಬ್ಬದಲ್ಲೇ ಬಂದಿರೋ ಕೂಲರ್ ಇದು, ಪಾಂಗ್. ಸಾಕು. ನಿನ್ನ ಒಲೆ ಅಂದ್ಕೊಂಡ್ಯಾ?" ಎಂದಳು. ಅಪ್ಪನನ್ನು ಅವಳು ಪಾಂಗ್ ಅನ್ನುತ್ತಿದ್ದಳು.

ಆ ಮಳೆಗಾಲದಲ್ಲೇ ಅವಳಿಗೆ ಡೆಂಗಿ ಬಂತು. ಮೈ ಕೆಂಡವಾಗಿತ್ತು. ನಾನು ಒದ್ದೆ ಬಟ್ಟೆ ಹಿಂಡಿ ತಂದರೆ ಕ್ರಿಸಾಂತೊ ಕಿತ್ತುಕೊಂಡ. "ಸುಡೋ ಮೈಗೆ ನೀರಾ? ಮಗು ಕೈತಪ್ಪಿ ಹೋಗುತ್ತೆ ಓಸಾಂಗ್!" ಎಂದು ನನ್ನ ಮೇಲೆ ರೇಗಿದ. ಫ್ಯಾನನ್ನೂ ಗೋಡೆಯ ಕಡೆಗೆ ತಿರುಗಿಸಿದ. ಮರುದಿನ ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ಅವಳಿಲ್ಲ.

ಎರಡು ವರ್ಷದ ಮೇಲೆ, ವೆಂಗ್ ಜೋಡಿಸಿದ್ದ ಆ ಮೂರನೇ ಕಂಪ್ಯೂಟರ್ ಪೆಟ್ಟಿಗೆ ಆಟದ ನಡುವೆ ಪಟ್ಟನೆ ಆರತೊಡಗಿತು. ಆರಿದಾಗಲೆಲ್ಲ ಕ್ರಿಸಾಂತೊ ಅದಕ್ಕೆ ಟವೆಲು ಹೊದಿಸಿ, ಗಾಳಿ ತಾಗದ ಹಾಗೆ ಅಡ್ಡ ಕೂರುತ್ತಿದ್ದ. ವೆಂಗ್ ಜೊತೆ ಓದಿದ ಮರಿವಿಕ್ ಸಂತೆಯ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದಳು. ಅವಳನ್ನು ಕರೆಸಿದೆ.

"ತೀತೊ, ಇದೇನು ಬಾಣಂತೀನಾ, ಹೊದಿಸಿ ಮಲಗ್ಸಿದ್ದೀರಲ್ಲ!" ಎಂದು ನಕ್ಕಳು. ಗೆಳತಿಯ ಅಪ್ಪ ಅವಳಿಗೆ ತೀತೊ, ಅಂದರೆ ಮಾಮ.

ಧೂಳು ಊದಿದಳು. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಅಂಟನ್ನು ಒರೆಸಿ ಹೊಸದು ಹಚ್ಚಿದಳು. ಆದರೂ ಪೆಟ್ಟಿಗೆ ಆರಿತು.

"ಈಗಿನ ಆಟ ಭಾರ. ಈ ಪುಟ್ಟ ಫ್ಯಾನಿನ ಕೈಲಿ ಆಗ್ತಿಲ್ಲ. ದೊಡ್ಡ ಕೂಲರ್ ಹಾಕೋಣ ತೀತೊ."

"ಇದು ವೆಂಗ್ ಹಾಕಿದ್ದು."

"ವೆಂಗ್ ಇದ್ದಿದ್ರೆ ಅವಳೇ ಕಿತ್ತು ಎಸೀತಿದ್ಲು."

"ಅಷ್ಟು ಬಿಸಿಗೆ ಒಮ್ಮೆಲೇ ಅಷ್ಟು ಗಾಳಿ ಬಡಿದ್ರೆ ಪಸ್ಮಾ ಆಗಲ್ವಾ?"

"ಚಿಪ್ಪಿಗೆ ಎಲ್ಲಿಯ ನರ? ಬಿಸಿ ಏರಿದ್ರೆ ಇಳಿಸ್ಬೇಕು, ಅಷ್ಟೇ. ಮನುಷ್ಯರಿಗಾದ್ರೂ ಅಷ್ಟೇ."

ಆ ಒದ್ದೆ ಬಟ್ಟೆಯ ವಿಷಯ ಅವಳಿಗೇನು ಗೊತ್ತು. ಕ್ರಿಸಾಂತೊನ ಮುಖ ಇಳಿದುಹೋಯಿತು.

ಅವಳು ತಂದು ಬಿಟ್ಟುಹೋದ ದೊಡ್ಡ ಕೂಲರಿನ ಡಬ್ಬ ನಾಲ್ಕು ದಿನ ಊಟದ ಮೇಜಿನ ಮೇಲೇ ಇತ್ತು. ಅನ್ನ ಬಡಿಸುವಾಗ ನಾನು ಅದನ್ನು ಆಚೆ ಸರಿಸುವುದು, ಅವನು ಮತ್ತೆ ಈಚೆ ಎಳೆದುಕೊಂಡು ನೋಡುವುದು. ಕೊನೆಗೆ ನನಗೆ ರೇಗಿತು.

"ಬೇಕಾದ್ರೆ ಹಾಕ್ಸು, ಬೇಡಾಂದ್ರೆ ವಾಪಸ್ ಕಳ್ಸು. ಅದನ್ನೇನು ಹಾಗೆ ನೋಡೋದು?"

"ಹಾಕಿಸಿ ಅದು ಸರಿಹೋದ್ರೆ, ಆ ಹುಡುಗಿ ಮಾತು ನಿಜ ಅಂತಾಯ್ತಲ್ಲ."

"ಆಗ್ಲಿ ಬಿಡು."

"ಆದ್ರೆ, ಅವತ್ತು ಬಟ್ಟೆ ಕಿತ್ಕೊಂಡ ಈ ಕೈನ ಏನ್ ಮಾಡ್ಲಿ, ಓಸಾಂಗ್?"

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಐದನೇ ದಿನ ಅವನೇ ಹೋಗಿ ಮರಿವಿಕಳನ್ನು ಕರೆತಂದ. "ಹಾಕು. ನಾನು ಅಡ್ಡ ಬರಲ್ಲ," ಎಂದ. ಅವಳು ತಿರುಪು ಬಿಗಿಯುವಾಗ ಟಾರ್ಚು ಹಿಡಿದು ನಿಂತ.

ಸಂಜೆಯವರೆಗೆ ಪೆಟ್ಟಿಗೆ ಒಮ್ಮೆಯೂ ಆರಲಿಲ್ಲ. ಮಕ್ಕಳು ಕೂಗಾಡುತ್ತ ಆಡಿದರು. ಅವರೆಲ್ಲ ಊಟಕ್ಕೆ ಹೋದ ಮೇಲೆ ಕ್ರಿಸಾಂತೊ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ನೋಡಿದ.

"ತಣ್ಣಗಿದೆ," ಅಂದ. ಆಮೇಲೆ, "ಎಷ್ಟು ಉರಿ ಆಗಿತ್ತೋ ಮಗೂಗೆ."

ನಾನು ನುಗ್ಗೆ ಸೊಪ್ಪು ಬಿಡಿಸುತ್ತಿದ್ದೆ. ವೆಂಗ್ ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರಮ್ಮ ನನಗೊಬ್ಬಳಿಗೇ ಹೇಳಿದ್ದರು: ಒದ್ದೆ ಬಟ್ಟೆ ಹಾಕಿದ್ದರೆ ಸ್ವಲ್ಪ ಹಾಯೆನಿಸುತ್ತಿತ್ತು ಅಷ್ಟೆ, ಜೀವ ಉಳಿಯುತ್ತಿರಲಿಲ್ಲ. ಆಗ ಸಿಟ್ಟಿನಲ್ಲಿ ಅವನಿಗೆ ಹೇಳಿರಲಿಲ್ಲ. ಸಿಟ್ಟು ಹೋದ ಮೇಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಕೇಳಿದರೆ ಏನನ್ನಲಿ ಎಂಬ ಭಯ. ಆ ಸಂಜೆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೂಂ," ಅಂದೆ. ಅಷ್ಟೇ ಅಂದೆ.

ಮುಂದಿನ ಈಸ್ಟರಿನ ಹೊತ್ತಿಗೆ ಅವನೂ ತೀರಿಕೊಂಡಿದ್ದ, ಆ ಮಾತು ಕೇಳದೆಯೇ.