ಗೋಡೆ ಬಿಟ್ಟು ಬಂದ ಟಿವಿ

ಟೆಂಪೋದಿಂದ ಆ ಟಿವಿಯನ್ನು ಇಳಿಸಲು ನಾಲ್ಕು ಜನ ಬೇಕಾದರು. ತೊಂಬತ್ತೊಂಬತ್ತನೇ ಇಸವಿಯ ಜುಲೈ ತಿಂಗಳು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಅಲ್ಲಿಯವರೆಗೆ ಇದ್ದವೆಲ್ಲ ಮುಖ ಉಬ್ಬಿದ ಟಿವಿಗಳು. ಇದರ ಮುಖ ಕಿಟಕಿ ಗಾಜಿನಷ್ಟು ಚಪ್ಪಟೆ, ಇಪ್ಪತ್ತೊಂಬತ್ತು ಇಂಚು. ಹಿಂದುಗಡೆ ಎಂದಿನ ಗೂನು ಇದ್ದೇ ಇತ್ತು; ಭಾರವೆಲ್ಲ ಮುಂದಿನ ಗಾಜಿನಲ್ಲಿ. ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಯವರ ಮನೆಯಲ್ಲಿ ಅಂಥದ್ದನ್ನು ನೋಡಿ ಬಂದಿದ್ದ ರಾಜೇಂದ್ರ, ಆರು ತಿಂಗಳು ಅದನ್ನೇ ಜಪಿಸಿ, ಕೊನೆಗೆ ತಂದೇ ತಂದ.

"ಮುಖ ಮುಟ್ಬೇಡ್ರಪ್ಪಾ, ಮುಖ ಮುಟ್ಬೇಡಿ!" ಎಂದು ಮದುವೆ ಹೆಣ್ಣನ್ನು ಇಳಿಸುವವನ ಹಾಗೆ ಅವನು ಬೀದಿಯಲ್ಲಿ ಕುಣಿದಾಡುತ್ತಿದ್ದರೆ, ಅವನ ಹೆಂಡತಿ ಅನಿತ ಬಾಗಿಲಲ್ಲಿ ನಿಂತು ಮೂರು ವರ್ಷದ ಮಗಳು ಸ್ನೇಹಳನ್ನು ಸೊಂಟಕ್ಕೆ ಅವುಚಿಕೊಂಡಿದ್ದಳು. ನಾಲ್ಕು ಗಂಡಸರು ಏದುಸಿರು ಬಿಡುವುದನ್ನು ನೋಡಿ ಅವಳಿಗೆ ಹೊಳೆದದ್ದು ಒಂದೇ. ಇದು ಬಿದ್ದರೆ?

ಅನಿತಳಿಗೆ ಇಂಥವು ಹೊಳೆಯುತ್ತಲೇ ಇರುತ್ತಿದ್ದವು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಓದಿ ಬೆಳೆದವಳು, ಮದುವೆಯಾಗಿ ಈ ನೇಕಾರರ ಮನೆಗೆ ಬಂದು ನಾಲ್ಕು ವರ್ಷ. ಕುಡಿಯುವ ನೀರನ್ನು ಎರಡೆರಡು ಸಲ ಕುದಿಸುತ್ತಿದ್ದಳು. ಗ್ಯಾಸ್ ಸಿಲಿಂಡರಿನ ಮೂತಿಗೆ ಮೂಗಿಟ್ಟು ನೋಡದೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಮಗು ಅಂಗಿಯ ಗುಂಡಿ ನುಂಗಿದೆ ಎಂದು ಬೊಬ್ಬೆ ಹೊಡೆದು, ಮಾವ ಮಗ್ಗ ನಿಲ್ಲಿಸಿ ಆಸ್ಪತ್ರೆಗೆ ಓಡುವ ಹಾಗೆ ಮಾಡಿದ್ದಳು. ಗುಂಡಿ ಸಾಯಂಕಾಲ ಮಂಚದ ಕೆಳಗೆ ಸಿಕ್ಕಿತು. ಅಂದಿನಿಂದ ಅವಳು ಯಾವ ಭಯ ಬಾಯಿಬಿಟ್ಟು ಹೇಳಿದರೂ ಅತ್ತೆ ನಾಗಲಕ್ಷ್ಮಮ್ಮನವರದು ಒಂದೇ ಉತ್ತರ: "ಗುಂಡಿ ಸಿಗುತ್ತೆ ಬಿಡಮ್ಮ."

ಟಿವಿ ಇಡಲು ಜಾಗ ಹುಡುಕಿದ್ದೂ ಒಂದು ಕಥೆ. ನಡುಮನೆಯ ಒಂದು ಗೋಡೆ ದೇವರಿಗೆ ಮೀಸಲು. ಇನ್ನೊಂದರ ಬಳಿ ಇಟ್ಟರೆ ಕಿಟಕಿಯ ಬೆಳಕು ಗಾಜಿನ ಮೇಲೆ ಬಿದ್ದು ಏನೂ ಕಾಣಿಸದು. ಉಳಿದದ್ದು ಮಗ್ಗದ ಕೋಣೆಗೂ ನಡುಮನೆಗೂ ನಡುವಿನ ಗೋಡೆ. ಆ ಕಡೆ ಮೂರು ಮಗ್ಗಗಳು ದಿನವಿಡೀ ಟಕಟಕ ಹೊಡೆದುಕೊಳ್ಳುತ್ತಿದ್ದವು. ಈ ಕಡೆ ಗೋಡೆಗೆ ಅಂಗೈ ಇಟ್ಟರೆ ಜ್ವರ ಬಂದವರ ಮೈ ಹಾಗೆ ನಡುಗುವುದು ತಿಳಿಯುತ್ತಿತ್ತು. ಹುಟ್ಟಿದಾಗಿನಿಂದ ಆ ನಡುಕದಲ್ಲೇ ಬೆಳೆದವರಿಗೆ ಅದು ಲೆಕ್ಕಕ್ಕೇ ಇಲ್ಲ. ಬಡಗಿಯಿಂದ ಮಾಡಿಸಿದ್ದ, ನುಣ್ಣನೆ ಸನ್‌ಮೈಕ ಅಂಟಿಸಿದ ಸೊಂಟದೆತ್ತರದ ಟೇಬಲನ್ನು ಅಲ್ಲಿಗೇ ಎಳೆದರು.

ಇನ್ನೇನು ಟಿವಿ ಎತ್ತಿಡಬೇಕು ಎನ್ನುವಾಗ ನಾಗಲಕ್ಷ್ಮಮ್ಮ, "ತಡೀರಪ್ಪಾ, ಹೊಸ ವಸ್ತುನ ಬರೀ ಹಲಗೆ ಮೇಲೆ ಕೂರಿಸ್ತಾರಾ?" ಎಂದು ಒಳಗೆ ಹೋದರು. ಆ ಮನೆಗೆ ಏನೇ ಹೊಸದು ಬಂದರೂ, ತೊಟ್ಟಿಲಾಗಲಿ ಮಿಕ್ಸಿಯಾಗಲಿ, ಮೊದಲು ಕೂರುವುದು ಮನೆಯ ಮಗ್ಗದಲ್ಲಿ ನೇಯ್ದ ಬಟ್ಟೆಯ ಮೇಲೆ. ಅವರು ತಂದದ್ದು ಗಿಣಿಹಸಿರಿನ ಆರ್ಟ್ ಸಿಲ್ಕ್ ಸೀರೆ. ನಾಲ್ಕು ಮಡಿಕೆ ಮಾಡಿ, ಜರಿಯಂಚು ಟೇಬಲ್ಲಿನ ತುದಿಗೆ ಸರಿಯಾಗಿ ಬರುವಂತೆ ಹಾಸಿ, ಅರಿಶಿನ ಕುಂಕುಮ ಇಟ್ಟರು. ಟಿವಿ ಅದರ ಮೇಲೆ ಕೂತಿತು. ಹಿಂದಿನ ಗೂನು ಗೋಡೆಗೆ ಒತ್ತಿಕೊಂಡಿತ್ತು, ಒಂದು ಕಾಗದ ತೂರಿಸಲೂ ಸಂದಿರಲಿಲ್ಲ.

ಹತ್ತು ದಿನ ಕಳೆದಿರಬಹುದು. ಧೂಳು ಹೊಡೆಯಲು ಹೋದ ಅನಿತಳ ಕೈ ಟಿವಿಯ ಹಿಂದೆ ಸಲೀಸಾಗಿ ತೂರಿತು. ಬೆರಳಿಟ್ಟು ಅಳೆದಳು: ನಾಲ್ಕು ಬೆರಳು.

"ರೀ, ಟಿವಿ ಮುಂದಕ್ಕೆ ಬಂದಿದೆ."

ಊಟಕ್ಕೆ ಕೂತಿದ್ದ ರಾಜೇಂದ್ರ ತಲೆಯನ್ನೂ ಎತ್ತಲಿಲ್ಲ. "ಧೂಳು ಹೊಡೆಯೋವಾಗ ಎಳ್ದಿರ್ತೀಯ."

"ಅದನ್ನ ನಾನು ಎಳೆಯಕ್ಕಾಗುತ್ತೇನ್ರೀ? ನಾಲ್ಕು ಜನ ಎತ್ತಿದ್ದು!"

"ಹಂಗಾರೆ ಅದೇ ನಡ್ಕೊಂಡು ಬಂತಾ?"

ಹಿತ್ತಲ ಬಾಗಿಲಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಕೂಲಿಯ ದ್ಯಾವಮ್ಮ ಅಲ್ಲಿಂದಲೇ ನಕ್ಕಳು. "ಟೇಸನ್ನಿಗೆ ಹೊಂಟಿರ್ಬೇಕು ಬಿಡ್ರಕ್ಕ. ಬೆಂಗ್ಳೂರಿಂದ ಬಂದಿದ್ದಲ್ವಾ, ತೌರುಮನೆ ಗ್ಯಾನ ಬಂದೈತೆ!"

ಎಲ್ಲರೂ ನಕ್ಕರು. ಅನಿತಳಿಗೆ ನಗು ಬರಲಿಲ್ಲ. ತಪ್ಪು ನಿಜವಾಗಿ ನನ್ನದೇ ಇರಬಹುದೇ? ಬಟ್ಟೆಯಿಂದ ಒರೆಸುವಾಗ ಎಳೆದೆನೇ? ರಾಜೇಂದ್ರ ಕೈ ತೊಳೆದು ಬಂದು, ಅಪ್ಪನ ಜೊತೆ ಸೇರಿ ಟಿವಿಯನ್ನು ಗೋಡೆಗೆ ದೂಡಿದ. ಹೊರಡುವಾಗ, "ಇನ್ಮೇಲೆ ಹಿಂದುಗಡೆ ಧೂಳು ಹೊಡೀಬೇಡ" ಎಂದ.

ಅವಳು ಹೊಡೆಯಲಿಲ್ಲ. ನಾಲ್ಕನೇ ದಿನ ನೋಡಿದಾಗ ಎರಡು ಬೆರಳು ಸಂದು.

ಈಗ ಅವಳಿಗೆ ಅರ್ಥವಾಯಿತು. ಗೋಡೆ ನಡುಗುತ್ತದೆ, ಟೇಬಲ್ಲು ನಡುಗುತ್ತದೆ, ಕೆಳಗೆ ನುಣುಪು ಸೀರೆ. ಮಗ್ಗ ಒಂದೊಂದು ಹೊಡೆತ ಹೊಡೆದಾಗಲೂ ಅದು ಕೂದಲೆಳೆಯಷ್ಟು ಜಾರುತ್ತಿದೆ. ಅತ್ತೆಗೆ ಹೇಳಿದಳು: "ಅತ್ತೆ, ಆ ಸೀರೆ ತೆಗೆದು ಗೋಣಿಚೀಲ ಹಾಕೋಣ."

"ಲಕ್ಷಣವಾಗಿರೋ ಟಿವಿ ಕೆಳಗೆ ಗೋಣಿಚೀಲಾನ? ಬಂದೋರು ಏನಂತಾರೆ? ಅದರ ಮೇಲೆ ಕುಂಕುಮ ಇಟ್ಟಿದೀನಿ ಕಣಮ್ಮ ಅನಿತ. ಎಳೆಯೋ ಬಟ್ಟೇನಾ ಅದು?"

"ಮಗು ಅದರ ಕೆಳಗೇ ಕೂರುತ್ತೆ ಅತ್ತೆ."

"ಗುಂಡಿ ಸಿಗುತ್ತೆ ಬಿಡು."

ಮಾವ ಚೌಡಯ್ಯನವರ ಹತ್ತಿರ ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಮಾತು ಕಡಿಮೆ ಮನುಷ್ಯ. ಬೆಳಗ್ಗೆ ಸ್ನಾನ ಮಾಡಿ ಬಂದು, ನಡುಮನೆಯಲ್ಲಿ, ಮಗ್ಗದ ಕೋಣೆಯ ಬಾಗಿಲ ಪಕ್ಕದಲ್ಲಿದ್ದ ಮಗ್ಗಗಳ ಪ್ರತ್ಯೇಕ ಮೇನ್ ಸ್ವಿಚ್ಚಿನ ಕೆಂಪು ಹಿಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮೇಲೆತ್ತುತ್ತಿದ್ದರು; ಆಮೇಲೆ ಅವರ ಲೋಕವೇ ಬೇರೆ. ಆ ಹಿಡಿಯನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಓಡುವ ಮಗ್ಗವನ್ನು ಒಂದೊಂದಾಗಿ ನಿಲ್ಲಿಸಬೇಕು. ಏಕಾಏಕಿ ಕರೆಂಟು ಹೋದರೆ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡು, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನೆಲ್ಲ ಕಡಿದುಹಾಕುವುದುಂಟು. ಹಾಗಾದ ದಿನ ಮಾವ ಊಟ ಮಾಡುತ್ತಿರಲಿಲ್ಲ.

ಹೀಗಿರುವಾಗಲೇ ವರಮಹಾಲಕ್ಷ್ಮಿ ಹಬ್ಬದ ಸೀರೆಗಳ ಬೇಡಿಕೆ ಬಂತೆಂದು ನಾಲ್ಕನೇ ಮಗ್ಗ ಕೂರಿಸಿದರು. ಜಾಗವಿದ್ದದ್ದು ಆ ಗೋಡೆಯ ಮಗ್ಗುಲಲ್ಲೇ. ಅದು ಓಡತೊಡಗಿದ ಮೇಲೆ ಅಡುಗೆಮನೆಯ ಲೋಟಗಳೂ ಸಣ್ಣಗೆ ಕಿಣಿಗುಟ್ಟತೊಡಗಿದವು. ಅನಿತ ಎರಡು ದಿನಕ್ಕೊಮ್ಮೆ ಗಂಡನನ್ನು ಕಾಡಿ ಬೇಡಿ ಟಿವಿ ಹಿಂದಕ್ಕೆ ದೂಡಿಸುತ್ತಿದ್ದಳು. ಹಬ್ಬ ಹತ್ತಿರವಾದಂತೆ ಅದಕ್ಕೂ ಪುರುಸೊತ್ತಿಲ್ಲದಾಯಿತು. "ಹಬ್ಬ ಆಗ್ಲಿ ಕಣೆ, ಗೋಡೆಗೆ ಮೊಳೆ ಹೊಡೆದು ಕಟ್ಟಾಕ್ತೀನಿ, ಸಾಕಾ?" ಎಂದ ರಾಜೇಂದ್ರ.

ಹಬ್ಬಕ್ಕೆ ಇನ್ನು ಐದು ದಿನ. ಭಾನುವಾರ ಮಧ್ಯಾಹ್ನ. ಬೆಳಗ್ಗೆಯೆಲ್ಲ ಕೈಕೊಟ್ಟಿದ್ದ ಕರೆಂಟು ಎರಡು ಗಂಟೆಗೆ ಬಂತು, ನಾಲ್ಕೂ ಮಗ್ಗ ಒಟ್ಟಿಗೆ ಶುರುವಾದವು. ಮಾವ, ಗಂಡ, ಅತ್ತೆ ಮೂವರೂ ಮಗ್ಗದ ಕೋಣೆಯಲ್ಲಿ. ನಡುಮನೆಯಲ್ಲಿ ಭಾನುವಾರದ ಸಿನಿಮಾ. ಬೀದಿಯ ಏಳೆಂಟು ಮಕ್ಕಳು ಬಂದು ಚಾಪೆ ತುಂಬಿದ್ದರು. ಮಗ್ಗದ ಸದ್ದನ್ನು ಮೀರಿಸಲು ಟಿವಿಯ ದನಿಯನ್ನು ಕೊನೆಯವರೆಗೂ ಏರಿಸಿದ್ದರು. ಆ ಮನೆಯಲ್ಲಿ ಟಿವಿ ನೋಡುವುದೆಂದರೆ ಹಾಗೆಯೇ, ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು.

ಅನಿತ ಊಟದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮಕ್ಕಳನ್ನು ಹಿಂದಕ್ಕೆ ಸರಿಸುವುದು ಅವಳ ನಿತ್ಯದ ಕೆಲಸ. ಅವಳು ಸರಿಸುವುದು, ಅವು ಮತ್ತೆ ತೆವಳಿ ಮುಂದೆ ಬರುವುದು. ಎಲ್ಲರಿಗಿಂತ ಮುಂದೆ, ಟೇಬಲ್ಲಿನ ಕಾಲಿಗೇ ಒರಗಿ ಸ್ನೇಹ ಕೂತಿದ್ದಳು, ಕತ್ತೆತ್ತಿ, ಬಾಯಿ ತೆರೆದು.

ಮೊದಲು ಕಣ್ಣಿಗೆ ಬಿದ್ದದ್ದು ಜರಿಯಂಚು. ಟೇಬಲ್ಲಿನ ತುದಿಗೆ ಸರಿಯಾಗಿ ಇರಬೇಕಾದದ್ದು ಒಂದು ಗೇಣು ಕೆಳಗೆ ಜೋತು, ಅಲುಗಾಡುತ್ತಿತ್ತು. ಅದರ ಮೇಲೆ ಟಿವಿಯ ಮುಂದಿನ ಪಾದ ಟೇಬಲ್ಲಿನ ಅಂಚಿನಲ್ಲಿ ಕೂತಿತ್ತು. ಅರ್ಧ ಪಾದಕ್ಕೆ ಕೆಳಗೆ ಏನೂ ಇರಲಿಲ್ಲ.

ಅವಳು ಚಾಪೆ ದಾಟಿದ್ದು ಹೇಗೋ. ಮಕ್ಕಳ ಕೈಕಾಲು ತುಳಿದಳೋ ಏನೋ. ಎರಡೂ ಅಂಗೈಯನ್ನು ಆ ಚಪ್ಪಟೆ ಗಾಜಿಗೆ ಒತ್ತಿ ನಿಂತಳು. ಮೊದಲ ಸಲ ಅದರ ಭಾರ ಅವಳ ಕೈಗೆ ಬಂತು. ಮೊಣಕೈ ಮಡಚಿತು. ಭುಜ ಕೊಟ್ಟಳು.

"ಏಳ್ರೋ! ಎದ್ದೇಳ್ರೋ ಎಲ್ರೂ! ಸ್ನೇಹಾ, ಏಳು!"

ಅವಳ ದನಿ ಅವಳ ಕಿವಿಗೇ ಬೀಳಲಿಲ್ಲ. ಮಕ್ಕಳಿಗೆ ಕಂಡದ್ದು ಇಷ್ಟೇ: ಸಿನಿಮಾ ಒಳ್ಳೇ ಘಟ್ಟಕ್ಕೆ ಬಂದಾಗ ಆಂಟಿ ಬಂದು ಟಿವಿ ತಬ್ಬಿಕೊಂಡು ನಿಂತಿದ್ದಾರೆ. ಒಬ್ಬ ಕೈ ಬೀಸಿ ಪಕ್ಕಕ್ಕೆ ಹೋಗಿ ಎಂದ. ಇಬ್ಬರು ಹುಡುಗಿಯರು ಬಾಯಿಗೆ ಕೈ ಇಟ್ಟು ನಕ್ಕರು. ಸ್ನೇಹ ಅಮ್ಮನ ಸೀರೆ ಹಿಡಿದು ಎಳೆಯತೊಡಗಿದಳು, ಏನೂ ಕಾಣಿಸುವುದಿಲ್ಲ ಎಂದು. ಅನಿತ ಕಾಲಿನಿಂದ ಮಗಳನ್ನು ಆಚೆ ನೂಕಿದಳು. ಅದು ಆಟವೆಂದುಕೊಂಡ ಮಗು ಮತ್ತೆ ಬಂದು ಕಾಲಿಗೆ ಸುತ್ತಿಕೊಂಡಿತು.

ಗೋಡೆಯಾಚೆ ಮಗ್ಗಗಳು ಹೊಡೆಯುತ್ತಲೇ ಇದ್ದವು. ಒಂದೊಂದು ಹೊಡೆತವೂ ಅವಳ ಭುಜಕ್ಕೆ ತಿಳಿಯುತ್ತಿತ್ತು. ತಳ್ಳಿದರೆ ಹಿಂದಕ್ಕೆ ಹೋಗದು, ಬಿಟ್ಟರೆ ಬರುತ್ತದೆ. ಕೈ ಬಿಟ್ಟು ಮಗುವನ್ನು ಎತ್ತಿಕೊಳ್ಳಲೇ? ಎತ್ತಿಕೊಂಡರೆ ಹಿಂದೆ ಕೂತ ಮಕ್ಕಳು? ಬೆವರಿಗೆ ಅಂಗೈ ಗಾಜಿನ ಮೇಲೆ ಜಾರತೊಡಗಿತು.

ಬಾಗಿಲ ಪಕ್ಕದ ಕೆಂಪು ಹಿಡಿ ಎರಡು ಮೊಳ ದೂರದಲ್ಲಿತ್ತು.

ಅನಿತ ಎಡಭುಜವನ್ನು ಟಿವಿಗೆ ಇನ್ನಷ್ಟು ಒತ್ತಿ, ಬಲಗೈ ಚಾಚಿದಳು. ಬೆರಳ ತುದಿ ತಾಗಿತು, ಹಿಡಿ ಸಿಗಲಿಲ್ಲ. ಇನ್ನೂ ಚಾಚಿದಳು. ಟಿವಿ ಅವಳ ಭುಜದ ಮೇಲೆ ಒಂದು ನೂಲಿನಷ್ಟು ಮುಂದೆ ಬಂತು. ಉಸಿರು ಬಿಗಿಹಿಡಿದು ಇಡೀ ಮೈಯನ್ನು ಎಳೆದಳು. ಹಿಡಿ ಕೈಗೆ ಬಂತು. ಕೆಳಗೆ ಎಳೆದಳು.

ನಾಲ್ಕೂ ಮಗ್ಗ ಗಕ್ಕನೆ ನಿಂತವು. ಒಳಗಿನಿಂದ ಫಟ್ ಎಂದು ಏನೋ ಸಿಡಿದ ಸದ್ದು. ಅದರ ಹಿಂದೆಯೇ, ಕೊನೆಯವರೆಗೂ ಏರಿಸಿಟ್ಟಿದ್ದ ಟಿವಿಯ ದನಿ ಅಷ್ಟೂ ಮನೆಯೊಳಗೆ ಬಂದು ಅಪ್ಪಳಿಸಿತು. ಮಕ್ಕಳು ಬೆಚ್ಚಿ ಕಿವಿ ಮುಚ್ಚಿಕೊಂಡರು.

"ಯಾವನ್ಲಾ ಅದು! ಮೇನ್ ಯಾವನ್ಲಾ ತೆಗ್ದೋನು!" ಚೌಡಯ್ಯನವರು ಬಾಗಿಲಿಗೆ ಬಂದರು. ಕೈಯಲ್ಲಿ ಎಣ್ಣೆ ಬಟ್ಟೆ, ಕಣ್ಣು ಕೆಂಪು. ಸೊಸೆಯ ಕೈ ಇನ್ನೂ ಹಿಡಿಯ ಮೇಲೆ ಇರುವುದನ್ನು ನೋಡಿದರು. ಕಣ್ಣು ಅವಳ ಭುಜಕ್ಕೆ, ಭುಜದಿಂದ ಟಿವಿಗೆ, ಟಿವಿಯಿಂದ ಅದರ ಪಾದಕ್ಕೆ, ಅಲ್ಲಿಂದ ಕೆಳಗೆ ಅಮ್ಮನ ಕಾಲಿಗೆ ಸುತ್ತಿಕೊಂಡಿದ್ದ ಮೊಮ್ಮಗಳಿಗೆ ಇಳಿಯಿತು.

ಎರಡೇ ಹೆಜ್ಜೆಯಲ್ಲಿ ಬಂದು ಟಿವಿಗೆ ಎದೆ ಕೊಟ್ಟು, ಗುಂಡಿ ಒತ್ತಿ ಅದನ್ನು ಆರಿಸಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ಅವರ ಬಾಯಿಂದ ಎಂದೂ ಬಾರದಷ್ಟು ಮೆಲ್ಲನೆಯ ದನಿಯಲ್ಲಿ, "ಎಲ್ರೂ ಎದ್ದು ಬೀದಿಗೋಗ್ರಪ್ಪಾ. ನಿಧಾನಕ್ಕೆ. ಓಡ್ಬೇಡಿ" ಎಂದರು. ಆ ದನಿಗೆ ಹೆದರಿದ ಮಕ್ಕಳು ಸಾಲಾಗಿ ಎದ್ದು ಹೋದರು. ಹಿಂದೆಯೇ ಓಡಿಬಂದ ಮಗನ ಕಡೆ ನೋಡಿದರು. "ರಾಜೇಂದ್ರಾ, ಮಗೀನ ಎತ್ಕೊ. ಎತ್ಕೊಂಡು ಅವಳ ಕೈಗೆ ಕೊಡು. ಆಮೇಲೆ ಬಾ, ಹಿಡಿ."

ಅಪ್ಪ ಮಗ ಇಬ್ಬರೂ ಏದುಸಿರು ಬಿಡುತ್ತ ಟಿವಿಯನ್ನು ನೆಲಕ್ಕೆ ಇಳಿಸಿದರು. ರಾಜೇಂದ್ರನ ಮುಖ ಸುಣ್ಣದ ಹಾಗಾಗಿತ್ತು. ಅನಿತ ಮಗಳನ್ನು ಅವುಚಿಕೊಂಡು ಗೋಡೆಗೊರಗಿ ಕುಸಿದು ಕೂತಳು. ಭುಜದಲ್ಲಿ ಜೀವವೇ ಇದ್ದಂತಿರಲಿಲ್ಲ.

ನಾಗಲಕ್ಷ್ಮಮ್ಮ ನೀರು ತಂದು ಕೊಟ್ಟರು. ಕೊಟ್ಟು ಸುಮ್ಮನಿರಲಾರದೆ, "ಹಿಂಗಾಗ್ತೈತೆ ಅಂತ ಹೇಳ್ಬಾರ್ದೇನೇ?" ಎಂದರು.

"ಹೇಳಿದ್ನಲ್ಲಾ ಅತ್ತೆ!"

"ಜೋರಾಗಿ ಹೇಳ್ಬೇಕಿತ್ತು."

ಅನಿತಳಿಗೆ ಅಳು ಬಂತೋ ನಗು ಬಂತೋ, ನೀರು ನೆತ್ತಿಗೇರಿತು. ಅತ್ತೆ ಅವಳ ಬೆನ್ನು ತಟ್ಟಿದರು. ತಟ್ಟಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಹೊಸ ಮಗ್ಗದಲ್ಲಿ ಲಾಳಿ ನಟ್ಟನಡುವೆ ಸಿಕ್ಕಿ ಅಂಗೈ ಅಗಲ ಎಳೆಗಳು ಕಡಿದಿದ್ದವು. ಹಬ್ಬಕ್ಕೆ ಕೊಡಬೇಕಾದ ಸೀರೆ. ಒಂದೊಂದೇ ಎಳೆ ಹುಡುಕಿ ಗಂಟು ಹಾಕಬೇಕು, ಎರಡು ದಿನದ ಕೆಲಸ. ಚೌಡಯ್ಯನವರು ಕನ್ನಡಕ ಏರಿಸಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ, "ಬೆರಳು ಸಣ್ಣಗಿರೋರು ಯಾರಾದ್ರೂ ಬಂದು ಆ ಕಡೆ ತುದಿ ಹಿಡ್ಕೊಂಡ್ರೆ ಬೇಗ ಆಗುತ್ತೆ" ಎಂದರು. ನಾಲ್ಕು ವರ್ಷದಲ್ಲಿ ಅನಿತಳನ್ನು ಮಗ್ಗದ ಹತ್ತಿರ ಯಾರೂ ಕರೆದಿರಲಿಲ್ಲ. ಎದ್ದು ಹೋಗಿ ಎದುರು ಕೂತಳು. ಮೊದಲ ಹತ್ತು ಎಳೆ ಕೈಗೇ ಸಿಗಲಿಲ್ಲ. ಮಾವ ತಮ್ಮ ಎಳೆ ಹಿಡಿದುಕೊಂಡೇ ಕಾದರು.

ಸ್ನೇಹ ಬಾಗಿಲಲ್ಲಿ ನಿಂತು ರಾಗ ತೆಗೆದಳು. "ತಾತಾ, ಟಿವಿ ಹಾಕು."

ಚೌಡಯ್ಯನವರು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಮ್ಮನ್ನ ಕೇಳವ್ವ."

ಮಗು ಅಮ್ಮನ ಮುಖ ನೋಡಿತು. ಅನಿತ ಹಿಡಿದ ಎಳೆಗೆ ಗಂಟು ಹಾಕಿ ಮುಗಿಸಿ ನಡುಮನೆಗೆ ಬಂದಳು. ಟಿವಿ ನೆಲದಲ್ಲಿ, ಅತ್ತೆಯೇ ತಂದು ಹಾಸಿದ್ದ ಒಂದು ಗೋಣಿಚೀಲದ ಮೇಲಿತ್ತು. ಮುಂದೆ ಮಂಡಿಯೂರಿ ಕೂತು ಎರಡೂ ಕೈಯಿಂದ ದೂಡಿದಳು. ಮಿಸುಕಲಿಲ್ಲ. ಪಕ್ಕದಿಂದ ದೂಡಿದಳು. ಹಿಂದೆ ಹೋಗಿ, ಗೋಡೆಗೆ ಕಾಲು ಕೊಟ್ಟು, ಇದ್ದಬದ್ದ ಬಲ ಹಾಕಿ ಮತ್ತೊಮ್ಮೆ ದೂಡಿ ನೋಡಿದಳು. ಆಗಲೂ ಅದು ಕದಲದಿದ್ದಾಗ ಮುಂದೆ ಬಂದು ಟಿವಿಯ ಗುಂಡಿ ಒತ್ತಿದಳು.